ಬಾಗಿಲು ಮುಚ್ಚಿದವರಿಗೆ ಬಯಲಿನ ಉತ್ತರ

ಗಾಲ್ಫ್ ಸಿರಿವಂತರ ಆಟವೆಂಬ ಮಾತಿದೆ. ಅಮೆರಿಕದಲ್ಲಿ ಅದು ಬಹುಕಾಲ ಬಿಳಿಯರ ಆಟವೂ ಆಗಿತ್ತು. ಅಲ್ಲಿನ ವೃತ್ತಿಪರ ಗಾಲ್ಫರ್‌ಗಳ ಸಂಘದ (ಪಿಜಿಎ) ನಿಯಮಾವಳಿಯಲ್ಲೇ ‘ಬಿಳಿಯರಿಗೆ ಮಾತ್ರ’ ಎಂಬ ಷರತ್ತು 1961ರವರೆಗೂ ಇತ್ತು.

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿದ್ದ ಕಪ್ಪು ಸೈನಿಕ ವಿಲಿಯಂ ಪೊವೆಲ್ ಅಲ್ಲಿ ಅಡ್ಡಿಯಿಲ್ಲದೆ ಗಾಲ್ಫ್ ಆಡಿದ್ದರು. ದೇಶಕ್ಕಾಗಿ ದುಡಿದು ಓಹಿಯೊಗೆ ಮರಳಿದರೆ ತಮ್ಮೂರಿನ ಮೈದಾನದಲ್ಲೇ ಪ್ರವೇಶವಿಲ್ಲ! ಹಾಗಾದರೆ ತಾವೇ ಒಂದು ಮೈದಾನ ಮಾಡುವುದೆಂದು ನಿಶ್ಚಯಿಸಿದರು. ಮಾಜಿ ಸೈನಿಕರಿಗೆಂದು ಇದ್ದ ಸಾಲವೂ ಅವರಿಗೆ ದಕ್ಕಲಿಲ್ಲ. ಕೊನೆಗೆ ಇಬ್ಬರು ಕಪ್ಪು ವೈದ್ಯರು ಪಾಲುದಾರರಾದರು. ಒಡಹುಟ್ಟಿದವರೊಬ್ಬರು ಮನೆ ಅಡವಿಟ್ಟು ಹಣ ಹೊಂದಿಸಿದರು. ಈಸ್ಟ್ ಕ್ಯಾಂಟನ್ ಬಳಿ 78 ಎಕರೆಯ ಹೈನುಗಾರಿಕೆ ಜಮೀನು 1946ರಲ್ಲಿ ಕೈಸೇರಿತು.

ರಾತ್ರಿ ಕಾರ್ಖಾನೆಯಲ್ಲಿ ಕಾವಲು, ಹಗಲು ಜಮೀನಿನಲ್ಲಿ ದುಡಿಮೆ. ಬೇಲಿಗೂಟ ಕಿತ್ತು, ಕಲ್ಲು ಆರಿಸಿ, ಕೈಯಾರೆ ಹುಲ್ಲಿನ ಬೀಜ ಬಿತ್ತಿದರು. ಪತ್ನಿ ಮಾರ್ಸೆಲಾ ಹೆಗಲು ಕೊಟ್ಟರು. 1948ರಲ್ಲಿ ಒಂಬತ್ತು ಕುಳಿಗಳ ‘ಕ್ಲಿಯರ್‌ವ್ಯೂ’ ತೆರೆಯಿತು. ಅದು ಸಾರ್ವಜನಿಕ ಮೈದಾನ. ಕ್ಲಬ್ಬಿನ ಸದಸ್ಯತ್ವ ಬೇಡ, ಬಣ್ಣದ ವಿಚಾರಣೆಯಿಲ್ಲ. ಆ ದಿನದ ಶುಲ್ಕ ಕೊಟ್ಟರಾಯಿತು. ಕುಳಿಗಳು ಹದಿನೆಂಟಾಗಲು 1978ರವರೆಗೆ ಕಾಯಬೇಕಾಯಿತು.

ಮೂರರ ವಯಸ್ಸಿಗೇ ಇಲ್ಲಿ ಗಾಲ್ಫ್ ಕೋಲು ಹಿಡಿದ ಮಗಳು ರೆನೀ, 1967ರಲ್ಲಿ ಮಹಿಳೆಯರ ವೃತ್ತಿಪರ ಟೂರ್ ಸೇರಿದರು. ಕಪ್ಪು ಮಹಿಳೆಯರಲ್ಲಿ ಆಕೆ ಎರಡನೆಯವರು.

2001ರಲ್ಲಿ ಆ ಜಮೀನು ರಾಷ್ಟ್ರೀಯ ಐತಿಹಾಸಿಕ ತಾಣಗಳ ಪಟ್ಟಿಗೆ ಸೇರಿತು. ಒಂದು ಕಾಲಕ್ಕೆ ಕಪ್ಪು ಜನರನ್ನು ಹೊರಗಿಟ್ಟಿದ್ದ ಅದೇ ಪಿಜಿಎ, 2009ರಲ್ಲಿ ಪೊವೆಲ್ ಅವರಿಗೆ ವಿಶಿಷ್ಟ ಸೇವಾ ಪ್ರಶಸ್ತಿ ನೀಡಿತು. ಅದೇ ವರ್ಷದ ಕೊನೆಯ ದಿನ, 93ನೇ ವಯಸ್ಸಿನಲ್ಲಿ, ಅವರು ಕಣ್ಮುಚ್ಚಿದರು.