ಶಕುಂತಲೆಗೆ ಬಾಯಿ ಬಂದ ಬಗೆ

ಭೋಜ, ಕಾಗವಾಡದ ಕಡೆಯವರಿಗೆ ದವಾಖಾನೆ ಅಂದರೆ ಮಿರಜ, ಅರಿಶಿನದ ಪೇಟೆ ಅಂದರೆ ಸಾಂಗ್ಲಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಎರಡೂ ನಾಲಿಗೆಗೆ ಸಲೀಸು. ಅದೇ ಸಾಂಗ್ಲಿಯಲ್ಲಿ ಹುಟ್ಟಿದ ಹೊಸ ರಂಗಭೂಮಿಯ ಬೇರು ಕನ್ನಡದ ಕರಾವಳಿಯಲ್ಲಿದೆ ಎಂಬುದು ಮಾತ್ರ ಗಡಿಯ ಎರಡೂ ಬದಿಯವರಿಗೆ ಮರೆತೇ ಹೋದಂತಿದೆ.

1842ರಲ್ಲಿ ಹೊನ್ನಾವರದ ಹತ್ತಿರದ ಕರ್ಕಿಯಿಂದ ಒಂದು ಭಾಗವತ ಮೇಳ ಘಟ್ಟ ಹತ್ತಿ ಸಾಂಗ್ಲಿಗೆ ಬಂತು. ಸಂಸ್ಥಾನದ ಅರಸ ಚಿಂತಾಮಣರಾವ್ ಪಟವರ್ಧನರು ಆಟ ನೋಡಿದರು. ಇಂಥದ್ದೇ ಒಂದನ್ನು ಇನ್ನಷ್ಟು ಅಚ್ಚುಕಟ್ಟಾಗಿ ಮರಾಠಿಯಲ್ಲಿ ಕಟ್ಟು ಎಂದು ತಮ್ಮ ಆಶ್ರಯದಲ್ಲಿದ್ದ ತರುಣ ವಿಷ್ಣುದಾಸ ಭಾವೆಗೆ ಹೇಳಿದರು. 1843ರ ನವೆಂಬರ್ 5ರಂದು ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿಗರು ಇಂದಿಗೂ ಆ ದಿನವನ್ನು ರಂಗಭೂಮಿ ದಿನವೆಂದು ಆಚರಿಸುತ್ತಾರೆ.

ಭಾವೆಯ ನಾಟಕದಲ್ಲಿ ಮೊದಲು ಗಣಪತಿ ಬರುತ್ತಿದ್ದ, ಆಮೇಲೆ ನವಿಲೇರಿದ ಸರಸ್ವತಿ ಕುಣಿಯುತ್ತಿದ್ದಳು, ರಾಕ್ಷಸರು ಅಬ್ಬರಿಸುತ್ತಿದ್ದರು. ಯಕ್ಷಗಾನ ಬಲ್ಲವರಿಗೆ ಇದೆಲ್ಲ ಗುರುತಿನದೇ. ಹಾಡೆಲ್ಲ ಸೂತ್ರಧಾರನದು, ಪಾತ್ರಧಾರಿಗಳು ನಡುನಡುವೆ ತಮಗೆ ಹೊಳೆದಂತೆ ನಾಲ್ಕು ಮಾತು ಆಡಬೇಕು. ಸೀತೆಯ ಮನಸ್ಸನ್ನು ಅವಳ ಪರವಾಗಿ ಅವನೇ ಹಾಡಬೇಕು.

ಈ ಪದ್ಧತಿ ಮುರಿದವರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲೇ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್. ಅವರಿಗಿಂತ ಸುಮಾರು ಒಂದು ದಶಕ ಮುಂಚೆ ಚುರಮುರಿ ಶೇಷಗಿರಿರಾಯರು ಕಾಳಿದಾಸನ ಶಾಕುಂತಲವನ್ನು ಧಾರವಾಡದ ಕಡೆಯ ಕನ್ನಡಕ್ಕೆ ತಂದಿದ್ದರು. ಪುಣೆಯಲ್ಲಿ ಪಾರ್ಸಿ ಕಂಪನಿಯ ಸಂಗೀತ ನಾಟಕ ನೋಡಿದ ಕಿರ್ಲೋಸ್ಕರರು ಅದೇ ಶಾಕುಂತಲವನ್ನು ಮರಾಠಿಯಲ್ಲಿ ಕೈಗೆತ್ತಿಕೊಂಡರು. ಸೂತ್ರಧಾರನ ಹಾಡನ್ನು ಪಾತ್ರಗಳಿಗೆ ಹಂಚಿಕೊಟ್ಟರು, ಕನ್ನಡದ ಧಾಟಿಗಳನ್ನೂ ಬಳಸಿದರು. ಈಗ ಶಕುಂತಲೆ ತನ್ನ ಅಳಲನ್ನು ತಾನೇ ಹಾಡತೊಡಗಿದಳು. ಪಾತ್ರ ಮಾಡುತ್ತಿದ್ದವರು ಗಂಡಸರೇ, ನಿಜ. 1905ರಲ್ಲಿ ಮಿರಜದಲ್ಲಿ ಬಾಲಗಂಧರ್ವರು ಮೊದಲು ರಂಗವೇರಿದ್ದೂ ಶಕುಂತಲೆಯಾಗಿಯೇ. ಆದರೂ ಹೆಣ್ಣಿನ ದುಃಖ ಹೆಣ್ಣುಪಾತ್ರದ ಬಾಯಲ್ಲೇ ಬಂದದ್ದು ಸಣ್ಣ ಬದಲಾವಣೆಯಲ್ಲ.

1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ನಡೆದ ಕಿರ್ಲೋಸ್ಕರರ ಶಾಕುಂತಲದ ಮೊದಲ ಪ್ರಯೋಗದಲ್ಲಿ ಆಡಿದ್ದು ನಾಲ್ಕೇ ಅಂಕ. ಕಣ್ವ ಮಗಳನ್ನು ಗಂಡನ ಮನೆಗೆ ಕಳಿಸುವಲ್ಲಿಗೆ ತೆರೆ ಬಿತ್ತು. ಇವಳು ಯಾರೋ ಗೊತ್ತಿಲ್ಲ ಎಂದು ದುಷ್ಯಂತ ತುಂಬಿದ ಸಭೆಯಲ್ಲಿ ಹೇಳುವ ಐದನೆಯ ಅಂಕವನ್ನು ಅಂದಿನ ಪ್ರೇಕ್ಷಕರು ನೋಡಲಿಲ್ಲ. ಇಡೀ ಕತೆಯ ನೋವು ಇರುವುದೇ ಅಲ್ಲಿ.

ಮಹಾಭಾರತದಲ್ಲಿ ದುಷ್ಯಂತನಿಗೆ ಎಲ್ಲ ನೆನಪಿದೆ. ಲೋಕಾಪವಾದಕ್ಕೆ ಅಂಜಿ ಗೊತ್ತಿಲ್ಲದವನಂತೆ ನಟಿಸುತ್ತಾನೆ. ಶಕುಂತಲೆ ಸುಮ್ಮನಿರುವವಳಲ್ಲ, ಸತ್ಯ ಯಾವುದು, ಹೆಂಡತಿ ಯಾರು, ಮಗ ಯಾರು ಎಂದು ರಾಜನ ಮುಖಕ್ಕೇ ಕೇಳುತ್ತಾಳೆ. ದೂರ್ವಾಸನ ಶಾಪ, ಕಳೆದುಹೋದ ಉಂಗುರ ಎಲ್ಲ ಕಾಳಿದಾಸ ಸೇರಿಸಿದ್ದು. ಅದರಿಂದ ರಾಜನ ತಪ್ಪು ಶಾಪದ ಮೇಲೆ ಬಿತ್ತು. ಕಾವ್ಯಕ್ಕೆ ಲಾಭವಾಯಿತು, ನ್ಯಾಯ ಕೇಳಲು ಬಂದವಳ ದನಿ ಮಾತ್ರ ತಗ್ಗಿತು ಎಂದೇ ನನ್ನ ಅಭಿಪ್ರಾಯ.

ತಪ್ಪನ್ನು ಮನುಷ್ಯನ ಮೇಲೆಯೇ ಹೊರಿಸುವ ಧೈರ್ಯ ಬಂದದ್ದೂ ಕರ್ಕಿಯಿಂದಲೇ. ಅಲ್ಲಿಯ ಸೂರಿ ವೆಂಕಟರಮಣ ಶಾಸ್ತ್ರಿಗಳು 1887ರಲ್ಲಿ ‘ಇಗ್ಗಪ್ಪ ಹೆಗಡೆಯ ವಿವಾಹ ಪ್ರಹಸನ’ ಪ್ರಕಟಿಸಿದರು. ಅದರ ಇನ್ನೊಂದು ಹೆಸರು ‘ಕನ್ಯಾವಿಕ್ರಯದ ಪರಿಣಾಮವು’. ದೇವರಿಲ್ಲ, ಶಾಪವಿಲ್ಲ, ಹೆಣ್ಣುಮಕ್ಕಳನ್ನು ದುಡ್ಡಿಗೆ ಕೊಡುವವರೂ ಕೊಳ್ಳುವವರೂ ಇದ್ದಾರೆ. ಹನ್ನೆರಡು ವರ್ಷದ ಬಳಿಕ, ಸಾಂಗ್ಲಿ ಪಕ್ಕದ ಹರಿಪುರದಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಓದಿದ ಗೋವಿಂದ ಬಲ್ಲಾಳ ದೇವಲರು ‘ಶಾರದಾ’ ಬರೆದರು. ದುಡ್ಡಿನಾಸೆಗೆ ಮಗಳನ್ನು ಮುದುಕನಿಗೆ ಕೊಡಹೊರಟ ತಂದೆಯ ಕತೆ ಅದು. ‘ಶಾರದಾ’ ಮನೆಮಾತಾಯಿತು, ಇಗ್ಗಪ್ಪ ಹೆಗಡೆ ಮೂಲೆಗೆ ಸರಿದ. ಇದು ನಮ್ಮ ನಷ್ಟ.

ಶಕುಂತಲೆಯ ಕತೆ ಅಲ್ಲಿಗೂ ಮುಗಿಯಲಿಲ್ಲ. ವೈದೇಹಿಯವರ ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಎಂಬ ಕತೆಯಲ್ಲಿ ಅವಳು ತನ್ನ ಬಾಳನ್ನು ತಾನೇ ಹೇಳುತ್ತಾಳೆ. ಮಹಾಭಾರತದಲ್ಲಿ ಇದ್ದು ಕಾಳಿದಾಸನಲ್ಲಿ ತಗ್ಗಿದ್ದ ದನಿ ಒಬ್ಬ ಹೆಣ್ಣುಮಗಳ ಲೇಖನಿಯಿಂದ ಮತ್ತೆ ಕೇಳಿಸಿತು.

ಚಿಕ್ಕೋಡಿ, ನಿಪ್ಪಾಣಿ, ಅಥಣಿಯ ಕಡೆ ಜಾತ್ರೆಗೆ ನಾಟಕ ಕಟ್ಟುವ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಶಾಕುಂತಲ ಎತ್ತಿಕೊಂಡರೆ ಐದನೆಯ ಅಂಕವನ್ನು ಕತ್ತರಿಸಬೇಡಿ. ತಾಲೀಮಿಗೆ ಕೂರುವ ಮುಂಚೆ ಆದಿಪರ್ವದಲ್ಲಿ ಶಕುಂತಲೆ ರಾಜನಿಗೆ ಆಡಿದ ಮಾತನ್ನು ಒಮ್ಮೆ ಗಟ್ಟಿಯಾಗಿ ಓದಿ. ಮರುವರ್ಷ ಇಗ್ಗಪ್ಪ ಹೆಗಡೆಯನ್ನೂ ರಂಗಕ್ಕೆ ತನ್ನಿ.