ಮಾಗಿಯ ಚಳಿಗೆ ಎರಡು ಮನಸ್ಸು

ದೀಪಾವಳಿ ಕಳೆಯಿತೆಂದರೆ ಸೂಲಿಬೆಲೆಯ ಜಗುಲಿಗಳಲ್ಲಿ ಚಳಿಯ ಮಾತು ಮೊದಲಾಗುತ್ತದೆ. ಅಂಗಳದ ನೆರಳಿನಲ್ಲೊಂದು ಉಷ್ಣಮಾಪಕವನ್ನು ತೂಗುಹಾಕಿ, ಬೆಳಗಾದೊಡನೆ ಅದನ್ನು ನೋಡಿ ಬರೆದಿಡುವ ಹವ್ಯಾಸ ನಮ್ಮದು. ಈ ಸಲವಾದರೂ ಮಾಗಿಯು ಮೈ ನಡುಗಿಸುವಂತೆ ಬರಲಿ ಎಂಬುದು ನಮ್ಮ ಪ್ರತಿವರ್ಷದ ಹಾರೈಕೆ.

ಹಿಮಾಲಯದಲ್ಲಿ ಸುರಿಯುವುದೂ ಮಂಜು, ನಮ್ಮ ರಾಗಿ ಹೊಲದ ಮೇಲೆ ಕವಿಯುವುದೂ ಮಂಜು. ಮೊದಲನೆಯದು ನಮಗೆ ಲಭ್ಯವಿಲ್ಲ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು ಕಂಡ 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟಲು ಅದು ಸೊನ್ನೆಗೆ ಇಳಿಯಬೇಕು. ಆದುದರಿಂದ ನಮ್ಮ ಆಸೆಯೆಲ್ಲ ಎರಡನೆಯ ಮಂಜಿನ ಮೇಲೆ.

ಆಕಾಶ ತಿಳಿಯಾಗಿದ್ದು, ಒಣಗಾಳಿ ಬೀಸಿದರೆ ನೆಲದ ಕಾವು ಇರುಳಿನಲ್ಲಿ ಮೇಲಕ್ಕೆ ಹೊರಟುಹೋಗುತ್ತದೆ. ಮೋಡ ಕವಿದರೆ ಅದೇ ಕಂಬಳಿ. 2022ರ ಡಿಸೆಂಬರಿನಲ್ಲಿ ಮಾಂಡೋಸ್ ಚಂಡಮಾರುತ ತಮಿಳುನಾಡಿನ ಕರಾವಳಿಗೆ ಅಪ್ಪಳಿಸಿದಾಗ ಇಲ್ಲಿ ಹಗಲೆಲ್ಲ ಬಿಸಿಲಿಲ್ಲದೆ ಜನ ಮುದುರಿ ಕುಳಿತರು. ಅದನ್ನು ಥಂಡಿಯೆನ್ನಬಹುದು, ಮಾಗಿಯ ಚಳಿಯ ಲೆಕ್ಕಕ್ಕೆ ನಾವು ಸೇರಿಸುವುದಿಲ್ಲ.

ಚಳಿಯನ್ನು ಬಯಸಲು ಕಾರಣಗಳಿವೆ. ಇಬ್ಬನಿ ಬಿದ್ದರೆ ಅವರೆಗೆ ಸೊಗಡು. ಮಾವಿನ ಮರ ಹೂವಾಗಬೇಕಾದರೆ ಒಣಹವೆಯೊಡನೆ ಕೆಲವು ವಾರಗಳ ತಂಪು ರಾತ್ರಿಗಳು ಬೇಕು. ಇರುಳು ಬೆಚ್ಚಗಿದ್ದರೆ ಹೂವಿನ ಬದಲು ಎಲೆಯೇ ಚಿಗುರುವುದುಂಟು. ಆದರೆ ಹೂ ಬಿಟ್ಟ ಮೇಲೂ ಮಂಜು ಕವಿಯುತ್ತಿದ್ದರೆ ಬೂದಿರೋಗದ ಭಯ.

ಇನ್ನು ರೇಷ್ಮೆ. ಇಲ್ಲಿ ಮಾವೂ ಹುಳುವೂ ಒಂದೇ ಮನೆಯಲ್ಲಿ ಇರುವುದುಂಟು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಬೇಕು, ದೊಡ್ಡ ಹುಳುವಿಗೆ 24, 25. ಇಪ್ಪತ್ತಕ್ಕಿಂತ ಕೆಳಗಿಳಿದರೆ ಹುಳು ಸೊಪ್ಪು ತಿನ್ನುವುದು ನಿಧಾನವಾಗಿ, ಜ್ವರಕ್ಕೆ ಕೂರುವುದೂ ಏಳುವುದೂ ತಡವಾಗುತ್ತದೆ. ಚಳಿಯೊಡನೆ ತೇವವೂ ಸೇರಿದರೆ ಸುಣ್ಣಕಟ್ಟು ರೋಗ. ಹೀಗೆ ಯಜಮಾನರು ತೋಟದಲ್ಲಿ ನಿಂತು ಚಳಿಯನ್ನು ಕರೆಯುತ್ತಿರುವಾಗ, ಹುಳುಮನೆಯಲ್ಲಿ ಸೊಪ್ಪು ಹಾಕುವ ತಾಯಂದಿರು ಅದು ಶಿವಶಿವಾ ಎಂದು ಓಡಿಹೋಗುವ ಶಿವರಾತ್ರಿಯ ದಿನವನ್ನು ಎಣಿಸುತ್ತಿರುತ್ತಾರೆ. ಯಾರ ಹಾರೈಕೆ ಫಲಿಸಬೇಕು? ಇಂತಹ ಮನೆಗಳಲ್ಲಿ ನಾವು ನಮ್ಮ ಆಸೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಹುಳುಮನೆಗೆ ಕಾವು ಕೊಡಲು ಇದ್ದಲ ಒಲೆ ಇಡುವ ರೂಢಿ ಹಳೆಯದು. ಒಲೆಯನ್ನು ಹೊರಗೆ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡವಾದ ಬಳಿಕ ಒಳಗೆ ತರುವುದು ಸರಿಯಾದ ಕ್ರಮ. ಆದರೆ ಹೊಗೆಯಿಲ್ಲದ ಕೆಂಡವೂ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಮಲಗಿದವರನ್ನು ಎಚ್ಚರಗೊಳಿಸದೆಯೇ ಕೊಲ್ಲಬಲ್ಲದು. ಕೊನೆಯ ಜ್ವರ ಎದ್ದ ಹುಳುವಿಗೆ ನಡುರಾತ್ರಿಯಲ್ಲೂ ಸೊಪ್ಪು ಹಾಕಬೇಕಾದ ದಿನಗಳಲ್ಲಿ ಅಲ್ಲಿಯೇ ಚಾಪೆ ಹಾಸಿಕೊಳ್ಳುವವರಿದ್ದಾರೆ. ಒಲೆಯಿರುವಷ್ಟು ಹೊತ್ತು ಗವಾಕ್ಷಿ ತೆರೆದಿರಲಿ, ಚಾಪೆ ಬೇರೆ ಕೋಣೆಯಲ್ಲಿರಲಿ.