ಓದುಗರ ಮೆಚ್ಚುಗೆ ಯಾವಾಗ ಪುರಾವೆಯಾಗುತ್ತದೆ?

ಊರಿನ ಮೂಲ, ದೇವರ ಮೂಲ, ಕುಲದ ಮೂಲ, ಭಾಷೆಯ ಮೂಲ. ಒಪ್ಪಿತ ಇತಿಹಾಸಕ್ಕೆ ಎದುರು ನಿಂತು ಹೊಸ ವಾದ ಹೂಡುವ ಪುಸ್ತಕಗಳಿಗೆ ನಮ್ಮ ಗಡಿನಾಡಿನಲ್ಲಿ ಓದುಗರ ಬರವಿಲ್ಲ. ಎರಡನೇ ಮುದ್ರಣದ ಹೊತ್ತಿಗೆ ಲೇಖಕರು ಮೊದಲ ಪುಟಗಳಲ್ಲಿ ಓದುಗರ ಪತ್ರಗಳನ್ನು ಜೋಡಿಸುತ್ತಾರೆ: ಕಣ್ಣು ತೆರೆಸಿತು, ಒಂದೇ ಉಸಿರಿಗೆ ಓದಿ ಮುಗಿಸಿದೆ, ಮನೆಮನೆಯಲ್ಲಿ ಇರಬೇಕಾದ ಗ್ರಂಥ. ಕಾದಂಬರಿಗೆ ಇಷ್ಟು ಸಾಕು. ಸಿದ್ಧಾಂತಕ್ಕೆ ಸಾಲದು. ಪುರಾತನ ಸ್ಮಾರಕಗಳ ಹಿಂದೆ ಅನ್ಯಗ್ರಹದವರ ಕೈವಾಡವಿದೆ ಎಂದು ಸ್ವಿಟ್ಜರ್ಲೆಂಡಿನ ಎರಿಕ್ ಫಾನ್ ಡ್ಯಾನಿಕೆನ್ 1968ರಲ್ಲಿ ಬರೆದ ಪುಸ್ತಕ ಜಗತ್ತಿನ ತುಂಬ ಲಕ್ಷಗಟ್ಟಲೆ ಮಾರಾಟವಾಯಿತು. ಅದರ ವಾದವನ್ನು ಪುರಾತತ್ವಜ್ಞರು ಇಂದಿಗೂ ಒಪ್ಪಿಲ್ಲ.

ಹಾಗಾದರೆ ಓದುಗರ ಮಾತಿಗೆ ಬೆಲೆಯೇ ಇಲ್ಲವೇ? ಇದೆ, ದೊಡ್ಡ ಬೆಲೆಯೇ ಇದೆ. ಅದು ಯಾವಾಗ ಎಂಬುದನ್ನು ನಮ್ಮ ಬೆಳಗಾವಿ ಜಿಲ್ಲೆಯವರೇ ಆದ ಸಂಶೋಧಕ ಶಂ.ಬಾ. ಜೋಶಿಯವರ ವಾದವನ್ನು ಮುಂದಿಟ್ಟುಕೊಂಡು ನೋಡಬಹುದು. 1896ರಲ್ಲಿ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಶಂಬಾ, ಮಹಾರಾಷ್ಟ್ರದ ಬುಡದಲ್ಲಿ ಕನ್ನಡದ ಪಶುಪಾಲಕ ಜನರಿದ್ದಾರೆ ಎಂದು ವಾದಿಸಿದರು. ‘ಮಹಾರಾಷ್ಟ್ರದ ಮೂಲ’, ‘ಹಾಲುಮತ ದರ್ಶನ’, ಸ್ಥಳನಾಮಗಳನ್ನೇ ಸಾಕ್ಷಿಗೆ ಕರೆದ ‘ಎಡೆಗಳು ಹೇಳುವ ಕಂನಾಡ ಕಥೆ’, ಇವೆಲ್ಲ ಆ ಹುಡುಕಾಟದ ಫಲ. 1970ರಲ್ಲಿ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ಅವರ ದುಡಿಮೆಗೆ ಸಂದ ಗೌರವ. ಒಂದೊಂದು ವಾದಕ್ಕೂ ಬಿದ್ದ ಮುದ್ರೆಯೆಂದು ಅದನ್ನು ತಿಳಿಯಬಾರದು.

ಈಗ ರಾಯಬಾಗದ ಓದುಗರೊಬ್ಬರು ಇಂಥ ಪುಸ್ತಕ ಓದಿ ಲೇಖಕರಿಗೆ ಪತ್ರ ಬರೆಯುತ್ತಾರೆ ಎಂದುಕೊಳ್ಳಿ. ಅವರ ಸುತ್ತಲೇ ಸಾಮಗ್ರಿ ಬೇಕಾದಷ್ಟಿದೆ. ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕ ದೇವಿಯ ಜಾತ್ರೆ ನಡೆಯುತ್ತದೆ. ಭಂಡಾರ ಹಚ್ಚಿಕೊಂಡ ಕುರುಬರೂ ಮಹಾರಾಷ್ಟ್ರದ ಧನಗರರೂ ಒಂದೇ ಗುಡಿಯ ಮುಂದೆ ಕೂಡುತ್ತಾರೆ. “ನೋಡಿ, ಸಿದ್ಧಾಂತ ಖರೆ ಆತು” ಎಂದು ಬರೆಯುವ ಆಸೆ ಸಹಜವೇ. ಆದರೆ ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಶಂಬಾ ವಾದ ತಪ್ಪಾಗಿ ಎದುರು ವಾದ ನಿಜವಾಗಿದ್ದರೂ ಈ ಜಾತ್ರೆ ಹೀಗೆಯೇ ನಡೆಯುತ್ತಿರಲಿಲ್ಲವೇ? ನಡೆಯುತ್ತಿತ್ತು. ಕುರಿ ಮೇಯಿಸುವವರು ಮಳೆ-ಬೇಸಿಗೆಯ ಲೆಕ್ಕದಲ್ಲಿ ಗಡಿ ದಾಟುತ್ತಲೇ ಬಂದವರು, ಅವರೊಡನೆ ದೇವರೂ ದಾಟುತ್ತದೆ. ಎರಡು ವಾದಕ್ಕೂ ಹೊಂದುವ ಸಂಗತಿ ತಕ್ಕಡಿಯ ಯಾವ ತಟ್ಟೆಯನ್ನೂ ಇಳಿಸುವುದಿಲ್ಲ. ಜಾತ್ರೆಯಲ್ಲಿ ಹಳೆಯ ಹಾಡುಗಾರರು ಯಾವ ಭಾಷೆಯಲ್ಲಿ ಹಾಡುತ್ತಾರೆ, ಮರಾಠಿ ಮಾತಾಡುವವರ ಹಾಡಿನಲ್ಲಿ ಅರ್ಥ ಮರೆತುಹೋದ ಕನ್ನಡ ಸಾಲುಗಳು ಉಳಿದಿವೆಯೇ ಎಂದು ಕಿವಿಗೊಟ್ಟು ಕೇಳಿ ಬರೆದರೆ ಮಾತ್ರ ಪತ್ರಕ್ಕೆ ತೂಕ ಬರುತ್ತದೆ.

ಶಾಸನಕ್ಕೂ ಇದೇ ಅಳತೆ. ರಾಯಬಾಗದಲ್ಲಿ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ ಕನ್ನಡ ಶಾಸನವಿದೆ. ಹದಿಮೂರನೇ ಶತಮಾನದ ಆರಂಭದಲ್ಲಿ ಇಲ್ಲಿ ದಾನ-ದತ್ತಿಯ ದಾಖಲೆ ಕನ್ನಡದಲ್ಲಿ ಆಗುತ್ತಿತ್ತು ಎಂಬುದಕ್ಕೆ ಅದು ಗಟ್ಟಿ ಸಾಕ್ಷಿ. ಕುರಿಗಾಹಿ ಮನೆಯಲ್ಲಿ ಏನು ಮಾತಾಡುತ್ತಿದ್ದ ಎಂಬುದನ್ನು ಕಲ್ಲು ಹೇಳುವುದಿಲ್ಲ. ಹಾಗೆಯೇ 1949ರವರೆಗೆ ಈ ಊರು ಕೊಲ್ಹಾಪುರ ಸಂಸ್ಥಾನದಲ್ಲಿತ್ತು, ಹಳೆಯ ಕಾಗದಗಳು ಮೋಡಿ ಲಿಪಿಯ ಮರಾಠಿಯಲ್ಲಿವೆ ಎಂಬ ಮಾತ್ರಕ್ಕೆ ಜನರೆಲ್ಲ ಮರಾಠಿಗರಾಗಿದ್ದರು ಎನ್ನಲಾಗದು. ಒಂದನ್ನು ಒಪ್ಪಿ ಇನ್ನೊಂದನ್ನು ಮುಚ್ಚಿಡುವ ಲೇಖಕ ವಕೀಲನಾಗುತ್ತಾನೆ, ಸಂಶೋಧಕನಾಗುವುದಿಲ್ಲ.

ಸ್ಥಳನಾಮಗಳಲ್ಲಿ ಎಡವುವವರೇ ಹೆಚ್ಚು. ತನ್ನ ವಾದಕ್ಕೆ ಒಪ್ಪುವ ಹತ್ತು ಊರುಗಳ ಪಟ್ಟಿ ಕಳಿಸುವ ಓದುಗ ಸಿಕ್ಕಾನು; ತಾಲ್ಲೂಕಿನ ಅಷ್ಟೂ ಊರುಗಳನ್ನು ಎಣಿಸುವವನು ಅಪರೂಪ. ನಿಡಗುಂದಿಯ ಜೊತೆ ಜಲಾಲಪುರವೂ, ಮುಗಳಖೋಡದ ಜೊತೆ ಕಂಕಣವಾಡಿಯೂ ಲೆಕ್ಕಕ್ಕೆ ಬರಬೇಕು. ಪ್ರತಿ ಹೆಸರಿನ ಅತಿ ಹಳೆಯ ಬರಹರೂಪ ಯಾವುದು, ಯಾವ ಶಾಸನ ಅಥವಾ ಯಾವ ದಫ್ತರದಲ್ಲಿ ಎಂದು ನೋಡಬೇಕು. ಇಂದಿನ ಉಚ್ಚಾರಣೆಯ ಮೇಲೆ ಕಟ್ಟಿದ ಮೂಲ ನಿಲ್ಲುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ವಿಮರ್ಶೆ ಬರುವುದು ಗಡಿಯ ಆಚೆಯಿಂದ. ಮರಾಠಿಯ ರಾ.ಚಿಂ. ಢೇರೆ 1984ರಲ್ಲಿ ‘ಶ್ರೀವಿಠ್ಠಲ: ಏಕ ಮಹಾಸಮನ್ವಯ’ ಬರೆದು, ಪಂಢರಪುರದ ವಿಠ್ಠಲನ ಮೂಲ ಪಶುಪಾಲಕರ ದೇವತೆಯಲ್ಲಿದೆ, ಆತನಿಗೆ ಕರ್ನಾಟಕದ ಗಾಢ ನಂಟಿದೆ ಎಂದು ತೋರಿಸಿದರು. ಈ ಮಾತಿನಿಂದ ಭಾಷಾಭಿಮಾನಕ್ಕೆ ಏನೂ ಲಾಭವಿಲ್ಲದ ವಿದ್ವಾಂಸರು ಮರಾಠಿ ಮೂಲಗಳನ್ನು ಅಗೆದು ಇಲ್ಲಿಗೆ ಬಂದರು. ಕನ್ನಡಿಗರ ನೂರು ಅಭಿನಂದನಾ ಪತ್ರಗಳಿಗಿಂತ ಇದಕ್ಕೆ ಹೆಚ್ಚು ತೂಕ. ಢೇರೆ ಒಪ್ಪಿದ್ದು ಶಂಬಾ ವಾದದ ಎಲ್ಲ ಕೊಂಡಿಗಳನ್ನಲ್ಲ ಎಂಬುದನ್ನೂ ಮರೆಯಬಾರದು.

ಓದುಗರ ಸಿಟ್ಟನ್ನೂ ಇದೇ ಅಳತೆಗೆ ಹಚ್ಚಬೇಕು. ತಮ್ಮ ‘ಮಾರ್ಗ’ ಪುಸ್ತಕದ ಕೆಲವು ಮಾತುಗಳಿಗಾಗಿ 1989ರಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮೇಲೆ ಒತ್ತಡ ಬಿದ್ದು ಅವರು ಆ ಮಾತುಗಳನ್ನು ಹಿಂತೆಗೆದುಕೊಂಡರು. ವಾದ ಸೋತಿತೆಂದು ಅದರಿಂದ ತಿಳಿಯಲಾಗದು, ಗೆದ್ದಿತೆಂದೂ ತಿಳಿಯಲಾಗದು. ಬೆದರಿಕೆ ಖಂಡನೆಯಲ್ಲ.

ಪತ್ರಗಳನ್ನು ಅಚ್ಚು ಹಾಕುವ ಲೇಖಕರಿಗೆ ಕೆಲವು ವ್ಯವಹಾರದ ಮಾತು. ಕಾಗದ ನಿಮ್ಮ ಕೈಯಲ್ಲಿದ್ದರೂ ಅದರ ಬರಹದ ಹಕ್ಕು ಬರೆದವರದೇ. 1957ರ ಕೃತಿಸ್ವಾಮ್ಯ ಕಾಯ್ದೆ ಪತ್ರಗಳಿಗೂ ಅನ್ವಯಿಸುತ್ತದೆ. ಒಪ್ಪಿಗೆ ಕೇಳಿ, ಲಿಖಿತವಾಗಿ ಪಡೆಯಿರಿ. “ಆದರೆ” ಎಂದು ಶುರುವಾಗುವ ವಾಕ್ಯವನ್ನು ಕತ್ತರಿಸಬೇಡಿ, ಎಷ್ಟೋ ಪತ್ರಗಳ ಜೀವ ಅಲ್ಲೇ ಇರುತ್ತದೆ. ಬರೆದವರು ಬಳಗದವರೋ ಶಿಷ್ಯರೋ ಆಗಿದ್ದರೆ ಹಾಗೆಂದು ಹೇಳಿ. ನಿಮ್ಮ ವಾದಕ್ಕೆ ಪೆಟ್ಟು ಕೊಡುವ ಪತ್ರ ಬಂದರೆ ಅದನ್ನು ಪೂರ್ತಿಯಾಗಿ, ನಿಮ್ಮ ಉತ್ತರದ ಸಮೇತ ಮೊದಲ ಪುಟದಲ್ಲೇ ಹಾಕಿ.

ಓದುಗರು ಕಳಿಸಬೇಕಾದ್ದೂ ಇಷ್ಟೇ: ಪುಸ್ತಕದ ಯಾವ ಪುಟದ ಯಾವ ಮಾತು, ಅದಕ್ಕೆ ನಿಮ್ಮ ಊರಿನಲ್ಲಿ ಸಿಕ್ಕ ಸಂಗತಿ ಏನು, ಅದನ್ನು ಇನ್ನೊಬ್ಬರು ಎಲ್ಲಿ ಹೋಗಿ ನೋಡಬಹುದು. ಶಾಸನದ ಫೋಟೊ ತೆಗೆದರೆ ಪಕ್ಕದಲ್ಲಿ ಅಳತೆಪಟ್ಟಿ ಇಡಿ, ಅಕ್ಷರದ ಮೇಲೆ ಸುಣ್ಣ ಬಳಿಯಬೇಡಿ. ಹಾಡು ದಾಖಲಿಸಿದರೆ ಹಾಡಿದವರು ಯಾವ ಊರಿನವರು, ಯಾರಿಂದ ಕಲಿತರು ಎಂದು ಕೇಳಿಕೊಳ್ಳಿ. ಅಟ್ಟದ ಮೇಲಿನ ಮೋಡಿ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಓದಬಲ್ಲವರಿಗೆ ತೋರಿಸಿ.